ಹಳೆಯ ಮಿಯಾಟಾಗೆ ಹೊಸ ಸೈಲೆನ್ಸರ್: ಹಣ ಹಾಕಬೇಕಾದದ್ದು ಕಿವಿಯ ನೆಮ್ಮದಿಗೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ; ಆತುರದಲ್ಲಿರುವವರು ಇಷ್ಟನ್ನೇ ಓದಿ ಹೋಗಬಹುದು. ಎಲ್ಲರೂ ಮಿಯಾಟಾ ಎಂದು ಕರೆಯುವ ಮಜ್ದಾ ಎಂಎಕ್ಸ್-5 ಕಾರಿನ ಮೊದಲ ತಲೆಮಾರು ನಿಮ್ಮ ಬಳಿ ಇದ್ದು, ಕೈಯಲ್ಲಿ ಹಣ ಹೆಚ್ಚಿಲ್ಲದಿದ್ದರೆ, ಹಿಂಭಾಗದ ಸೈಲೆನ್ಸರ್ ಒಂದನ್ನೇ ಬದಲಾಯಿಸಿ. ನಡುವಿನ ಕೊಳವೆ, ಅದರಲ್ಲಿದ್ದು ಸದ್ದಿನ ಕರ್ಕಶತೆ ಇಳಿಸುವ ರೆಸೊನೇಟರ್, ಹೊಗೆಯ ವಿಷ ಇಳಿಸುವ ಕೆಟಲಿಟಿಕ್ ಕನ್ವರ್ಟರ್, ಇಂಜಿನ್ನಿಗೆ ಸೇರಿಕೊಂಡು ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸುವ ಹೆಡರ್ ಇವು ಯಾವುದನ್ನೂ ಮುಟ್ಟಬೇಡಿ. ನಾನು ಹಾಕಿಕೊಂಡಿರುವುದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ, ನೇರ ಒಳಕೊಳವೆಯ, ಒಂದೇ ಬಾಯಿಯ ಸೈಲೆನ್ಸರ್. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಎಲ್ಲಿ ಹೋಯಿತು ಎಂಬುದು ಮುಂದೆ ಬರುತ್ತದೆ.

ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ. ಈ ಬಗೆಯ ಸರಕಿನಲ್ಲಿ ಒಂದೇ ಡಬ್ಬಿ ಬೇರೆ ಬೇರೆ ಮುದ್ರೆ ಹೊತ್ತು ಮಾರಾಟಕ್ಕೆ ಬರುವುದುಂಟು. ಮುದ್ರೆಗೆ ತಕ್ಕಂತೆ ಬೆಲೆಯೂ ಏರಿಳಿಯುತ್ತದೆ. ಹೆಸರು ಹಿಡಿದು ಹುಡುಕುವುದಕ್ಕಿಂತ ಲಕ್ಷಣ ಹಿಡಿದು ಹುಡುಕುವುದು ಲಾಭ. ಆ ಲಕ್ಷಣಗಳನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಸೈಲೆನ್ಸರ್ ಬದಲಾಯಿಸಿದರೆ ಕಾರು ಹಾರುತ್ತದೆ ಎಂದು ನಂಬಿಸುವವರಿಗೆ ಬರವಿಲ್ಲ. ಹತ್ತು ಹದಿನೈದು ಕುದುರೆ ಶಕ್ತಿ ಹೆಚ್ಚುತ್ತದೆ ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಹೊರಬಂದ ಈ ಕಾರಿಗಿದ್ದದ್ದು 1.6 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, ಸುಮಾರು 115 ಕುದುರೆ ಶಕ್ತಿ. ತೋಷಿಹಿಕೊ ಹಿರಾಯಿ ನೇತೃತ್ವದ ತಂಡ ಕಾರಿನ ತೂಕವನ್ನು ಒಂದು ಟನ್ನಿನೊಳಗೆ ಹಿಡಿದಿಡಲು ಹೆಣಗಿತ್ತು; ಓಡಿಸುವ ಸುಖವೆಲ್ಲ ಅಲ್ಲಿಂದ ಬಂದದ್ದು. ಆ ಕಾಲದ ಸಾಧಾರಣ ಕಾರುಗಳಲ್ಲಿ ಇಂಜಿನ್ನಿಗೆ ಅಂಟಿಕೊಂಡು ಎರಕದ ಕಬ್ಬಿಣದ ಒಂದು ಗಡ್ಡೆ ಇರುತ್ತಿತ್ತು. ಅದನ್ನು ಕಿತ್ತು ಉಕ್ಕಿನ ಕೊಳವೆಗಳ ಹೆಡರ್ ಹಾಕಿದರೆ ಏನಾದರೂ ಗಿಟ್ಟುತ್ತಿತ್ತು. ಮಿಯಾಟಾಗೆ ಅಂಥ ಹೆಡರನ್ನು ಕಾರ್ಖಾನೆಯವರೇ ಹಾಕಿ ಕಳುಹಿಸಿದ್ದಾರೆ. ಸುಲಭವಾಗಿ ದಕ್ಕಬೇಕಾದ ಶಕ್ತಿ ಆಗಲೇ ದಕ್ಕಿಹೋಗಿದೆ. ಇನ್ನು ಹಿಂಭಾಗ ಬದಲಾಯಿಸಿ ಸಿಗುವುದು ಎರಡೋ ಮೂರೋ ಕುದುರೆ ಶಕ್ತಿ. ಒಂದೇ ಕಾರನ್ನು ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನದ ಸೆಕೆಯಲ್ಲಿ ಒಮ್ಮೆ ಓಡಿಸಿದರೂ ಅಷ್ಟು ವ್ಯತ್ಯಾಸ ಬರುತ್ತದೆ.

ದಪ್ಪ ಕೊಳವೆಯ ವ್ಯಾಮೋಹ ಇನ್ನೊಂದು. ಎರಡು ಇಂಚಿನ ಕೊಳವೆಯ ಜಾಗದಲ್ಲಿ ಎರಡೂವರೆ ಇಂಚಿನದು ಬಂದರೆ ವ್ಯಾಸ ಹೆಚ್ಚುವುದು ಕಾಲು ಭಾಗ ಮಾತ್ರ, ಆದರೆ ಅನಿಲ ಹಾಯುವ ವಿಸ್ತೀರ್ಣ ಶೇ 56ರಷ್ಟು ಹೆಚ್ಚುತ್ತದೆ. ಇಷ್ಟು ಚಿಕ್ಕ ಇಂಜಿನ್ನಿಗೆ ಅಷ್ಟು ಹೆದ್ದಾರಿ ಯಾಕೆ? ಅದೂ ಅಲ್ಲದೆ ಅನಿಲ ಹಿಂದೆ ಹರಿದಂತೆ ತಣಿಯುತ್ತದೆ, ತಣಿದಂತೆ ಕುಗ್ಗುತ್ತದೆ. ಇಂಜಿನ್ನಿನ ಬಾಯಲ್ಲಿ 800 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಹಿಂದೆ ಬರುವಷ್ಟರಲ್ಲಿ 400ಕ್ಕೆ ಇಳಿದಿದ್ದರೆ ಅದರ ಗಾತ್ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಕಡಿಮೆಯಾಗಿರುತ್ತದೆ. ಹಿಂದಕ್ಕೆ ಹೋದಂತೆ ಕೊಳವೆ ದಪ್ಪವಾಗಬೇಕು ಎಂಬುದಕ್ಕೆ ಯಾವ ತರ್ಕವೂ ಇಲ್ಲ. ಹಾಗೆಂದು ಇಂಜಿನ್ನಿಗೆ ಹಿಂದಿನಿಂದ ಒತ್ತಡ ಬೇಕೇ ಬೇಕು ಎನ್ನುವ ಎದುರು ಪಕ್ಷದ ಮಾತೂ ಸರಿಯಲ್ಲ. ಯಾವ ಇಂಜಿನ್ನಿಗೂ ತಡೆ ಬೇಕಿಲ್ಲ. ಒಂದು ಸಿಲಿಂಡರಿನ ಹೊಗೆ ಹೊರಟಾಗ ಅದರ ಬೆನ್ನಿಗೆ ಹುಟ್ಟುವ ಕಡಿಮೆ ಒತ್ತಡ ಮುಂದಿನ ಸಿಲಿಂಡರನ್ನು ಬರಿದಾಗಿಸಲು ನೆರವಾಗಬೇಕು, ಅಷ್ಟೇ. ಆ ಆಟವೆಲ್ಲ ಹೆಡರಿನಲ್ಲಿ, ನಾಲ್ಕು ಕೊಳವೆಗಳು ಕೂಡುವ ಕಡೆ ಮುಗಿದಿರುತ್ತದೆ. ಕಾರಿನ ಬಾಲದಲ್ಲಿ ಉಳಿಯುವುದು ಮುಖ್ಯವಾಗಿ ಸದ್ದಿನ ಪ್ರಶ್ನೆ.

ಸದ್ದಿನ ಬಗ್ಗೆ ನನಗೆ ಸ್ವಲ್ಪ ಹಟವಿದೆ. ಧ್ವನಿಮುದ್ರಣ ನನ್ನ ವೃತ್ತಿ. ಬೇಡದ ಗುಂಯ್ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದೇ ಅರ್ಧ ದಿನದ ಕೆಲಸ. ಹಾಗಾಗಿ ‘ಗಂಭೀರ’, ‘ಆಳ’, ‘ರೇಸಿಂಗ್ ಧ್ವನಿ’ ಎಂಬ ಜಾಹೀರಾತಿನ ಮಾತು ನನ್ನ ತಲೆಗೆ ಹತ್ತುವುದಿಲ್ಲ. ಈ ಕಾರಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೆದ್ದಾರಿಯ ವೇಗದಲ್ಲಿ ಒಳಗೆ ಮೊರೆಯುತ್ತದೆಯೇ, ಇಲ್ಲವೇ?

ಲೆಕ್ಕ ಸರಳವಾಗಿದೆ. ನಾಲ್ಕು ಸಿಲಿಂಡರಿನ ಇಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಉರಿಯುತ್ತದೆ. 1.6ರ ಮಿಯಾಟಾ ಐದನೇ ಗೇರಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಇಂಜಿನ್ ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗುತ್ತಿರುತ್ತದೆ. ಅಂದರೆ ಸೆಕೆಂಡಿಗೆ 107ರಷ್ಟು ಬಡಿತ, 107 ಹರ್ಟ್ಸ್. ಚಿಕ್ಕ ಕ್ಯಾಬಿನ್ನಿನ ಗಾಳಿ ಇಂಥ ಕೆಳಸ್ವರಕ್ಕೆ ಬೇಗ ದನಿಗೂಡಿಸುತ್ತದೆ. ಬಟ್ಟೆಯ ಚಾವಣಿ ಅದನ್ನು ತಡೆಯುವುದೂ ಇಲ್ಲ. ಪಟ್ಟಣದ ಬೀದಿಯಲ್ಲಿ ಮುದ್ದಾಗಿ ಗುಟುರು ಹಾಕುವ ಸೈಲೆನ್ಸರ್ ಹೆದ್ದಾರಿಗೆ ಬಂದೊಡನೆ ಅದೇ ಒಂದು ಸ್ವರ ಹಿಡಿದು ಕೂರುತ್ತದೆ. ಆಕ್ಸಲರೇಟರ್ ಸ್ವಲ್ಪ ಸಡಿಲಿಸಿದರೆ ಮಾಯ, ಒತ್ತಿದರೆ ಮತ್ತೆ ಹಾಜರು. ದೂರ ಪ್ರಯಾಣದಲ್ಲಿ ಅದು ಕಿವಿಗಿಂತ ಹೆಚ್ಚಾಗಿ ತಲೆಗೆ ಹತ್ತುತ್ತದೆ.

ಇಲ್ಲಿ ಡೆಸಿಬೆಲ್ ಅಂಕಿಯನ್ನು ನಂಬಿ ಕೂರಬಾರದು. ಮಾರಾಟಗಾರರು ಕೊಡುವ ಅಂಕಿ, ಮೊಬೈಲ್ ಆ್ಯಪ್ ತೋರಿಸುವ ಅಂಕಿ ಎರಡೂ ಸಾಮಾನ್ಯವಾಗಿ ‘ಎ’ ತೂಕದವು. ಮೆಲುದನಿಯಲ್ಲಿ ಮನುಷ್ಯನ ಕಿವಿಗೆ ಕೆಳಸ್ವರ ಕಡಿಮೆ ಕೇಳುತ್ತದೆ ಎಂಬ ಆಧಾರದ ಮೇಲೆ ಆ ಅಳತೆ 100 ಹರ್ಟ್ಸ್ ಬಳಿ ಸುಮಾರು 19 ಡೆಸಿಬೆಲ್ ಕಳೆದುಬಿಡುತ್ತದೆ. ನಮಗೆ ಕಾಟ ಕೊಡುವ ಸ್ವರವೇ ಲೆಕ್ಕದಿಂದ ಜಾರಿಹೋಯಿತು! ಆ್ಯಪಿನಲ್ಲಿ ‘ಸಿ’ ತೂಕಕ್ಕೆ ಬದಲಾಯಿಸುವ ಅವಕಾಶವಿದ್ದರೆ ಅದನ್ನು ಹಾಕಿಕೊಂಡು ಅಳೆಯಿರಿ. ಅದು ಕೆಳಸ್ವರವನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ತೋರಿಸುತ್ತದೆ. ‘ಎ’ಯಲ್ಲಿ ಒಂದೇ ಅಂಕಿ ತೋರಿಸಿದ ಎರಡು ಕಾರುಗಳು ‘ಸಿ’ಯಲ್ಲಿ ಅಜಗಜಾಂತರ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಅವುಗಳಲ್ಲಿ ಒಂದು, ಯಾವ ಕಾರಿಗೂ ಹೊಂದುತ್ತದೆ ಎಂದು ಮಾರುವ ಅಗಲ ಬಾಯಿಯ ಅಗ್ಗದ ಡಬ್ಬಿ. ಅದರ ಮಾಲೀಕರು ರೆಸೊನೇಟರನ್ನೂ ಕತ್ತರಿಸಿ ತೆಗೆಸಿದ್ದರು. ಇನ್ನೊಂದು ನಾನು ಈಗ ಕೊಂಡಿರುವ ಬಗೆಯದು.

ರೆಸೊನೇಟರ್ ಉಳಿಸಿಕೊಳ್ಳಿ ಎಂದು ಒತ್ತಿ ಹೇಳುತ್ತಿರುವುದು ಇದಕ್ಕೇ. ಅದು ಕೊಳವೆಯ ನಡುವೆ ಕುಳಿತ ಸಣ್ಣ ಉಬ್ಬು. ಕರ್ಕಶವಾದ ಮೇಲ್ಸ್ವರಗಳನ್ನು ನುಂಗಿಕೊಳ್ಳುತ್ತದೆ. ತೆಗೆದರೆ ತೂಕ ಉಳಿಯುವುದು ಅಲ್ಪ, ಹೆಚ್ಚುವುದು ತಗಡು ಬಡಿದಂತಹ ಸದ್ದು. ಮೊರೆತ ಆಗಲೇ ಅಂಟಿಕೊಂಡಿರುವ ಕಾರಿಗೆ ಇನ್ನೊಂದು ಉಪಾಯವುಂಟು: ಕೊಳವೆಯ ಪಕ್ಕಕ್ಕೆ ತುದಿ ಮುಚ್ಚಿದ ಕವಲೊಂದನ್ನು ವೆಲ್ಡ್ ಮಾಡಿಸುವುದು. ಸದ್ದು ಅದರೊಳಗೆ ಹೋಗಿ ಮರಳುವಷ್ಟರಲ್ಲಿ ಮೂಲ ಸದ್ದಿಗೆ ತಿರುಗುಮುರುಗಾಗಿ ನಿಂತು ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಕವಲಿನ ಉದ್ದ ಅಲೆಯುದ್ದದ ಕಾಲು ಭಾಗ ಇರಬೇಕು. ಬಿಸಿ ಅನಿಲದಲ್ಲಿ ಸದ್ದು ವೇಗವಾಗಿ ಓಡುವುದರಿಂದ 107 ಹರ್ಟ್ಸಿಗೆ ಅದು ಒಂದು ಮೀಟರಿನ ಆಸುಪಾಸು ಬರುತ್ತದೆ. ಮಿಯಾಟಾದಷ್ಟು ಗಿಡ್ಡ ಕಾರಿನ ಹೊಟ್ಟೆಯಡಿ ಒಂದು ಮೀಟರಿನ ಹೆಚ್ಚುವರಿ ಕೊಳವೆಗೆ ಜಾಗ ಹುಡುಕುವುದು ಶಿಕ್ಷೆ. ಮೊರೆಯದ ಡಬ್ಬಿಯನ್ನೇ ಮೊದಲು ಕೊಳ್ಳುವುದು ಅಗ್ಗ.

ಇನ್ನು ಲೋಹದ ವಿಚಾರ. ಅಂಗಡಿಗೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತವನ್ನೂ ಟಾರ್ಚನ್ನೂ ಜೇಬಿನಲ್ಲಿಟ್ಟುಕೊಳ್ಳಿ. 304 ಸ್ಟೇನ್‌ಲೆಸ್‌ನಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕಲ್ ಇರುತ್ತದೆ. ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ, ಬಾಗಿಸಿದ ಕಡೆ ಮಾತ್ರ ಸ್ವಲ್ಪ ಸೆಳೆತ ಕಾಣಬಹುದು. 409 ದರ್ಜೆಯೂ ಸ್ಟೇನ್‌ಲೆಸ್ಸೇ, ಆದರೆ ಕ್ರೋಮಿಯಂ ಶೇ 11ರ ಸುತ್ತಮುತ್ತ. ಅಯಸ್ಕಾಂತ ಟಪ್ಪನೆ ಕಚ್ಚುತ್ತದೆ, ಮೇಲ್ಮೈ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಕಂದಿದ ಮಾತ್ರಕ್ಕೆ ಕೆಟ್ಟದ್ದಲ್ಲ. ಅನೇಕ ಕಾರ್ಖಾನೆಗಳು ಬಳಸುವುದು ಇದನ್ನೇ. ಬೆಲೆ ಅದಕ್ಕೆ ತಕ್ಕಂತೆ ಇದ್ದರೆ ಧಾರಾಳವಾಗಿ ಕೊಳ್ಳಿ. 304ರ ಬೆಲೆ ತೆತ್ತು 409 ಮನೆಗೆ ತರಬೇಡಿ, ಅಷ್ಟೇ. ಎಲ್ಲಕ್ಕಿಂತ ಅಗ್ಗದ್ದು ಅಲ್ಯೂಮಿನಿಯಂ ಲೇಪದ ಮಾಮೂಲಿ ಉಕ್ಕು. ವೆಲ್ಡ್ ಮಾಡಿದ ಕಡೆ ಲೇಪ ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಹೊಕ್ಕುತ್ತದೆ.

ಸೈಲೆನ್ಸರ್ ಹೊರಗಿನ ಮಳೆಗಿಂತ ಒಳಗಿನ ನೀರಿಗೆ ಹೆಚ್ಚು ಕೊಳೆಯುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹೊರಡುತ್ತದೆ. ಹತ್ತಿರದ ಓಡಾಟಕ್ಕಷ್ಟೇ ಬಳಸುವ ಕಾರಿನಲ್ಲಿ ಡಬ್ಬಿ ಪೂರ್ತಿ ಬಿಸಿಯಾಗುವುದೇ ಇಲ್ಲ; ಆ ಆವಿ ತಣಿದು ತಳದಲ್ಲಿ ಕೂರುತ್ತದೆ. ನನ್ನ ಹಳೆಯ ಸೈಲೆನ್ಸರನ್ನು ಇಳಿಸಿ ಅಲುಗಾಡಿಸಿದಾಗ ಒಳಗಿನಿಂದ ತುಕ್ಕಿನ ಪದರಗಳು ಜರಜರನೆ ಉದುರಿದವು. ಮೇಲೆ ನೋಡಿದರೆ ಇನ್ನೂ ಗಟ್ಟಿಯಾಗಿಯೇ ಇತ್ತು.

ಟಾರ್ಚ್ ಬೇಕಾದದ್ದು ಒಳಗೆ ಇಣುಕಲು. ಒಳ್ಳೆಯ ನೇರ ಸೈಲೆನ್ಸರಿನಲ್ಲಿ ಈ ಬಾಯಿಂದ ಆ ಬಾಯಿಗೆ ಒಂದೇ ಕೊಳವೆ, ಮೈತುಂಬ ಸಣ್ಣ ತೂತು, ಅದರ ಸುತ್ತ ತುಂಬಿಸಿದ ನಾರು. ತೂತುಗಳ ಆಚೆ ನೇರವಾಗಿ ಗಾಜಿನ ನಾರೇ ಕಂಡರೆ ಅನುಮಾನಪಡಿ. ಬಿಸಿ ಅನಿಲದ ಹೊಡೆತಕ್ಕೆ ಅದು ಎಳೆಎಳೆಯಾಗಿ ಹಾರಿಹೋಗುತ್ತದೆ, ಹಾರಿದಷ್ಟೂ ಸದ್ದು ಏರುತ್ತದೆ. ನಾನು ಕೊಂಡದ್ದರಲ್ಲಿ ಕೊಳವೆಗೆ ಮೊದಲು ಸ್ಟೀಲ್ ನಾರಿನ ಹೊದಿಕೆ, ಅದರ ಹೊರಗೆ ಗಾಜಿನ ನಾರು. ತೂತಿನೊಳಗೆ ಟಾರ್ಚ್ ಬಿಟ್ಟರೆ ಬೂದುಬಣ್ಣದ ಲೋಹದ ಎಳೆಗಳು ಮಿನುಗುತ್ತವೆ. ಬಾಗುಗಳನ್ನೂ ಕೈಯಾಡಿಸಿ ನೋಡಿ. ಒಳಗೆ ಆಧಾರ ಕೊಟ್ಟು ಬಾಗಿಸಿದ ಕೊಳವೆ ಉದ್ದಕ್ಕೂ ದುಂಡಗೇ ಇರುತ್ತದೆ. ಸುಮ್ಮನೆ ಒತ್ತಿ ಬಾಗಿಸಿದ್ದು ತಿರುವಿನಲ್ಲಿ ಚಪ್ಪಟೆಯಾಗಿ ಸುಕ್ಕುಗಟ್ಟಿರುತ್ತದೆ. ಎರಡೂವರೆ ಇಂಚು ಎಂದು ಹೇಳಿಕೊಂಡು ತಿರುವಿನಲ್ಲಿ ಎರಡಕ್ಕೆ ಇಳಿದ ಕೊಳವೆಗೆ ಹಣ ಕೊಟ್ಟು ಏನು ಪ್ರಯೋಜನ?

ಜೋಡಣೆಯನ್ನು ಮನೆಯಲ್ಲಿಯೇ ಮಾಡಬಹುದು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸದೆ, ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಸೈಲೆನ್ಸರ್ ಇಳಿಸುವುದೆಂದರೆ ಒಂದು ಫ್ಲೇಂಜ್ (ಎರಡು ಕೊಳವೆಗಳನ್ನು ಬೋಲ್ಟಿನಿಂದ ಕೂಡಿಸುವ ಅಂಚು) ಬಿಚ್ಚಿ, ಅದನ್ನು ತೂಗುಹಾಕಿದ ರಬ್ಬರ್ ಹ್ಯಾಂಗರುಗಳಿಂದ ಕಳಚುವುದು, ಅಷ್ಟೇ. ಆ ಫ್ಲೇಂಜಿನ ನಟ್ಟುಗಳು ಮಾತ್ರ ಇಷ್ಟು ವರ್ಷಗಳ ಉಪ್ಪು, ನೀರು, ಬಿಸಿ ತಿಂದು ಬೋಲ್ಟಿನೊಂದಿಗೆ ಒಂದೇ ಲೋಹವಾಗಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡಿ. ಬೆಳಿಗ್ಗೆ ಸ್ಪ್ಯಾನರ್ ಹಾಕಿ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸುವ ಕಡೆಗೆ. ಟಿಕ್ ಎಂದು ಒಣ ಸದ್ದು ಬಂದರೆ ತುಕ್ಕು ಬಿಟ್ಟಿತು. ಸದ್ದಿಲ್ಲದೆ, ಬೆಣ್ಣೆಯಂತೆ ಮೆತ್ತಗೆ ತಿರುಗತೊಡಗಿದರೆ ಬೋಲ್ಟ್ ನುಲಿಯುತ್ತಿದೆ ಎಂದು ತಿಳಿಯಿರಿ. ಅಲ್ಲಿಗೇ ನಿಲ್ಲಿಸಿ, ಗ್ಯಾಸ್ ಟಾರ್ಚ್ ಇರುವ ಗ್ಯಾರೇಜಿಗೆ ಒಯ್ಯಿರಿ. ಹೊಸ ಬೋಲ್ಟಿಗೆ ತಾಮ್ರದ ಗ್ರೀಸ್ ಹಚ್ಚುವುದನ್ನು ಮರೆಯಬೇಡಿ, ಮುಂದೊಮ್ಮೆ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ. ರಬ್ಬರ್ ಹ್ಯಾಂಗರುಗಳನ್ನು ಹೇಗೂ ಹೊಸದಾಗಿ ತರಿಸಿ. ಹಳೆಯವು ಹಿಗ್ಗಿ ಜೋತುಬಿದ್ದಿರುತ್ತವೆ, ಬೆಲೆಯೂ ಇಡೀ ಲೆಕ್ಕದಲ್ಲಿ ಹುಣಿಸೆ ಬೀಜದಷ್ಟು.

ಕಳೆದ ಒಂದು ಅಂಕ ಇಲ್ಲೇ ಹೋಯಿತು. ಫ್ಲೇಂಜಿನ ಸಂದು ಮುಚ್ಚಲು ಜೊತೆಗೆ ಕೊಟ್ಟ ಗ್ಯಾಸ್ಕೆಟ್ ರಟ್ಟಿಗಿಂತ ಗಟ್ಟಿಯಲ್ಲ, ಬೋಲ್ಟುಗಳು ಮಾಮೂಲಿ ಉಕ್ಕಿನವು. ಹ್ಯಾಂಗರಿಗೆ ಸಿಕ್ಕಿಸುವ ಕಡ್ಡಿಯನ್ನು ಒಂದು ಬೆರಳಿನಷ್ಟು ಆಚೆ ವೆಲ್ಡ್ ಮಾಡಿದ್ದಾರೆ. ಹಾಗಾಗಿ ಬಾಯಿ ಬಂಪರಿನ ಅಂಚಿನ ಕಡೆಗೆ ವಾಲುತ್ತದೆ, ಇಂಜಿನ್ ಐಡಲ್‌ನಲ್ಲಿದ್ದಾಗ ಟಕಟಕ ತಾಗುತ್ತದೆ. ಫ್ಲೇಂಜನ್ನು ಪೂರ್ತಿ ಬಿಗಿಯುವ ಮೊದಲು ಡಬ್ಬಿಯನ್ನು ಸ್ವಲ್ಪ ತಿರುಚಿ ಕೂರಿಸಿದರೆ, ಒಂದು ಕಡೆ ಗಿಡ್ಡ ಹ್ಯಾಂಗರ್ ಹಾಕಿದರೆ ಸರಿಹೋಗುತ್ತದೆ. ಒಳ್ಳೆಯ ಲೋಹಕ್ಕೆ ಖರ್ಚು ಮಾಡಿದವರು ಕಡ್ಡಿಯ ಜಾಗ ಅಳೆಯಲು ಜಿಪುಣತನ ತೋರಿಸಿದ್ದು ಮಾತ್ರ ನನಗೆ ಅರ್ಥವಾಗಿಲ್ಲ. ಲೋಹದ ಗ್ಯಾಸ್ಕೆಟ್, ಸ್ಟೇನ್‌ಲೆಸ್ ಬೋಲ್ಟುಗಳನ್ನು ಬೇರೆಯಾಗಿ ತಂದೆ. ಮೊದಲ ಬಿಸಿ ಆರಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಲೇಬೇಕು. ಮೊದಲ ಓಟದಲ್ಲಿ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬರುತ್ತದೆ. ತಯಾರಿಕೆಯಲ್ಲಿ ಉಳಿದ ಎಣ್ಣೆ ಉರಿಯುವುದು ಅದು, ಗಾಬರಿ ಬೇಡ.

ಈಗ ಕೇಳುವುದು ಹೇಗಿದೆ? ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮೊದಲ ನಿಮಿಷ ಮೊದಲಿಗಿಂತ ಜೋರು. ಅಕ್ಕಪಕ್ಕದವರು ಮಲಗಿರುವ ಹೊತ್ತಿನಲ್ಲಿ ಸ್ವಲ್ಪ ಮುಜುಗರವೇ. ಬಿಸಿಯಾದ ಮೇಲೆ ಐಡಲ್ ಮೆತ್ತಗಾಗುತ್ತದೆ. 2000ದಿಂದ 3000 ಸುತ್ತಿನವರೆಗೆ ಹಳೆಯದಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ನನಗೆ ಬೇಕಾಗಿದ್ದೂ ಅದೇ. 4000 ದಾಟಿದ ಮೇಲೆ ಧ್ವನಿ ತೆರೆದುಕೊಳ್ಳುತ್ತದೆ: ಕೆಳಗಿನ ಗುಟುರು ಹಿಂದೆ ಸರಿದು, ಗಂಟಲು ಬಿಟ್ಟ ಒಂದು ಮಧ್ಯಮ ಸ್ವರ ಮುಂದೆ ಬರುತ್ತದೆ, 6000ದವರೆಗೂ ಒಡೆಯದೆ ಏರುತ್ತದೆ. ಆಕ್ಸಲರೇಟರ್ ಬಿಟ್ಟಾಗ ಪಟಪಟ ಸಿಡಿಯುವುದಿಲ್ಲ. ಅಂಥ ಸಿಡಿತವನ್ನು ಇಷ್ಟಪಡುವವರಿಗೆ ಇದು ಸಪ್ಪೆ ಅನಿಸಬಹುದು; ನನ್ನ ಮಟ್ಟಿಗೆ ಹಾಗೆ ಸಿಡಿಯುವ ಕಾರು ಎಲ್ಲೋ ಗ್ಯಾಸ್ಕೆಟ್ ಸೋರುತ್ತಿರುವ ಕಾರು.

ಪಕ್ಕದ ಸೀಟಿನ ತೀರ್ಪನ್ನೂ ಬರೆಯಬೇಕು. ನಮ್ಮ ಮನೆಯವರಿಗೆ ಇಂಜಿನ್ ಸದ್ದಿನಲ್ಲಿ ಆಸಕ್ತಿಯಿಲ್ಲ. ಚಾವಣಿ ಮುಚ್ಚಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ನಿದ್ದೆ ಬರುತ್ತದೆಯೇ ಎಂಬುದೇ ಅವರ ಅಳತೆಗೋಲು. ‘ಬದಲಾಯಿಸಿದೆಯಾ? ಯಾವಾಗ?’ ಎಂದು ಕೇಳಿದರು. ಅಷ್ಟು ಖರ್ಚು ಮಾಡಿದವಳಿಗೆ ಆ ಮಾತು ಚುಚ್ಚಬೇಕಿತ್ತು, ಆದರೆ ಮೊರೆತವಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಎಲ್ಲಿ ಸಿಕ್ಕೀತು?

ಉಳಿದ ಆಯ್ಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ವರ್ಟರಿನಿಂದ ಹಿಂದಕ್ಕೆ ಇಡೀ ವ್ಯವಸ್ಥೆಯನ್ನು ಬದಲಾಯಿಸುವ ಸೆಟ್ ಚೆನ್ನಾಗಿಯೇ ಇರುತ್ತದೆ, ಆದರೆ ನಡುವಿನ ಕೊಳವೆ ಗಟ್ಟಿಯಾಗಿರುವವರೆಗೆ ಅದಕ್ಕೆ ಹಣ ಸುರಿಯಲು ಕಾರಣವಿಲ್ಲ. ಅದು ತೂತು ಬಿದ್ದಿದ್ದರೆ ಮಾತು ಬೇರೆ. ಆಗ ಸೆಟ್ ತೆಗೆದುಕೊಳ್ಳುವುದೇ ಉಳಿತಾಯ. ಬಳಸಿದ ಕಾರ್ಖಾನೆ ಸೈಲೆನ್ಸರ್ ಅಗ್ಗಕ್ಕೆ ಸಿಕ್ಕರೆ ಬೆರಳಿನಿಂದ ತಟ್ಟಿ, ಅಲುಗಾಡಿಸಿ, ಒಳಗೆ ಉದುರುವ ಸದ್ದಿಲ್ಲದಿದ್ದರೆ ಕೊಳ್ಳಬಹುದು. ಕೈ ಪಳಗಿದ ವೆಲ್ಡರ್ ಗೊತ್ತಿದ್ದರೆ ಒಳ್ಳೆಯ ಡಬ್ಬಿಯೊಂದನ್ನು ತಂದುಕೊಟ್ಟು ಹಳೆಯ ಫ್ಲೇಂಜಿಗೆ ಕೂರಿಸಿಕೊಳ್ಳುವುದು ಎಲ್ಲಕ್ಕಿಂತ ಜಾಣತನ. ನನ್ನ ಕಡ್ಡಿಯ ತಕರಾರೂ ಅಲ್ಲಿ ಇರುವುದಿಲ್ಲ.

ಕನ್ವರ್ಟರ್ ಕಿತ್ತು ಖಾಲಿ ಕೊಳವೆ ಹಾಕಿಸುವ ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ಆ ಭಾಗವೇ ಕಾರಿನ ವಿಷವನ್ನು ಇಳಿಸುವುದು. ಬಹಳಷ್ಟು ದೇಶಗಳಲ್ಲಿ ತೆಗೆಸುವುದು ಕಾನೂನುಬಾಹಿರ, ಹೊಗೆ ತಪಾಸಣೆಯಲ್ಲಿ ಕಾರು ಬೀಳುತ್ತದೆ, ಹೊಗೆಯ ನಾತ ಚಾವಣಿ ತೆರೆದ ಕಾರಿನೊಳಗೇ ಸುಳಿಯುತ್ತದೆ. ಹಿಂದಿನ ಡಬ್ಬಿ ಮಾತ್ರ ಬದಲಾಯಿಸಿದರೆ ಆಮ್ಲಜನಕ ಸೆನ್ಸರಿಗೂ ಕನ್ವರ್ಟರಿಗೂ ಏನೂ ಗೊತ್ತಾಗುವುದಿಲ್ಲ. ಸದ್ದಿನ ತಪಾಸಣೆ ಇರುವ ಕಡೆ ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಕೊಳ್ಳುವ ಮೊದಲು ನಿಮ್ಮಲ್ಲಿನ ಮಿತಿ ಎಷ್ಟೆಂದು ತಿಳಿದುಕೊಂಡು, ಡಬ್ಬಿಯ ಮೇಲೆ ಅನುಮೋದನೆಯ ಮುದ್ರೆ ಇದೆಯೇ ನೋಡಿ. ಆ ಮುದ್ರೆಗೆ ಸ್ವಲ್ಪ ಹೆಚ್ಚು ಕೊಡಬಹುದು.

ಮುಂದೊಂದು ದಿನ ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಹಾಕಿಸುವ ಆಲೋಚನೆ ಇರುವವರು ಮಾತ್ರ ನನ್ನ ಮಾತು ಕೇಳಬೇಡಿ. ಟರ್ಬೊ ಆಚೆಗೆ ದಾರಿ ಎಷ್ಟು ಸಲೀಸೋ ಅಷ್ಟು ಒಳ್ಳೆಯದು. ಅವರಿಗೆ ಎರಡೂವರೆಯಿಂದ ಮೂರು ಇಂಚಿನ ಕೊಳವೆಯೇ ಬೇಕು, ಆಗ ಈ ಸೈಲೆನ್ಸರ್ ತೆಗೆದು ಎರಡನೇ ಸಲ ಖರ್ಚು ಮಾಡಬೇಕಾಗುತ್ತದೆ. ಅಂಥವರು ಸದ್ಯ ಹಳೆಯದರ ತೂತಿಗೆ ತೇಪೆ ವೆಲ್ಡ್ ಮಾಡಿಸಿ ಹಣ ಕೂಡಿಡಲಿ.